ಉಬ್ಬಿದ ಹೊಟ್ಟೆ, ಮೊದಲ ಬಿಂದಿಗೆ

ಬೆಳಿಗ್ಗೆ ಎದ್ದ ಕೂಡಲೇ ಕೆಲವರು ದೇವರ ಪಟ ನೋಡುತ್ತಾರೆ, ಕೆಲವರು ಅಂಗೈ ಉಜ್ಜಿ ನೋಡಿಕೊಳ್ಳುತ್ತಾರೆ. ಆ ವರ್ಷ ನಾನು ಮೊದಲು ನೋಡಿಕೊಳ್ಳುತ್ತಿದ್ದದ್ದು ನನ್ನ ಹೊಟ್ಟೆಯನ್ನು. ಬೆಳಗಿನ ಹೊತ್ತು ಅದು ಸ್ವಲ್ಪ ಇಳಿದಂತೆ, ಒಳ್ಳೆಯ ಬುದ್ಧಿ ಬಂದಂತೆ ಕಾಣುತ್ತಿತ್ತು. ಅದೆಲ್ಲ ಬರೀ ನಾಟಕ. ಒಂದು ಲೋಟ ಕಾಫಿ ಒಳಗೆ ಹೋಗುವುದೇ ತಡ, ಕಾದ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಮೆಲ್ಲಗೆ ಮೇಲೇಳುತ್ತಿತ್ತು. ಮಧ್ಯಾಹ್ನಕ್ಕೆ ಸೀರೆಯ ನೆರಿಗೆ ಬಿಗಿಯುತ್ತಿತ್ತು. ಸಂಜೆಯಾದರೆ ನನ್ನ ಕಾಲುಂಗುರ ನನಗೇ ಕಾಣುತ್ತಿರಲಿಲ್ಲ. ನಲವತ್ತು ದಾಟಿದ, ಮಗಳನ್ನು ಮದುವೆ ಮಾಡಿ ಕೊಟ್ಟ ಹೆಂಗಸಿಗೆ ಇದು ಎಂಥ ಸಂಕಟದ ವಿಷಯವೆಂದು ಬಿಡಿಸಿ ಹೇಳಬೇಕಾಗಿಲ್ಲ. ಹೇಳಬೇಕಾಗಿಲ್ಲವೆಂದೇ ಊರೆಲ್ಲ ತಮಗೆ ತೋಚಿದಂತೆ ತಿಳಿದುಕೊಂಡಿತ್ತು.

ಆ ಭಾನುವಾರವೂ ಎಂದಿನಂತೆಯೇ ಎದ್ದೆ. ಹೊಟ್ಟೆಯನ್ನು ನೋಡಿಕೊಂಡೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಮೊದಲು ಬಾಗಿಲಗಲ ಬಿಡುತ್ತಿದ್ದ ರಂಗೋಲಿ, ಬಗ್ಗುವುದು ಕಷ್ಟವಾದ ಹಾಗೆಲ್ಲ ಚಿಕ್ಕದಾಗುತ್ತಾ ಬಂದು, ಈಗ ಒಂದು ಒಬ್ಬಟ್ಟಿನಷ್ಟಾಗಿತ್ತು. ಡಿಕಾಕ್ಷನ್ ಇಳಿಯಲು ಇಟ್ಟು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಬಿಂದಿಗೆ ಹಿಡಿದು ಬೀದಿ ನಲ್ಲಿಗೆ ಹೊರಟೆ. ಅಂದು ಗುಬ್ಬಿಯಲ್ಲಿ ನನ್ನ ಮಗಳು ಉಷಾಳ ಸೀಮಂತ. ಬೇರೆ ದಿನವಾಗಿದ್ದರೆ ಈ ವಿವರಗಳು ನೆನಪಿರುತ್ತಿರಲಿಲ್ಲ.

ನಾವಾಗ ತುಮಕೂರಿನ ಮರಳೂರಿನಲ್ಲಿದ್ದೆವು. ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ನಲ್ಲಿ. ಅದು ನೀರು ಬಿಡುವ ಮುಂಚೆ ಬಹಳ ಹೊತ್ತು ಗಾಳಿ ಬಿಡುತ್ತಿತ್ತು. ಗೊರಗೊರ ಎನ್ನುವುದು, ಬುಸ್ಸೆನ್ನುವುದು, ಒಂದೆರಡು ಸಲ ಕೆಮ್ಮಿ ಸುಮ್ಮನಾಗುವುದು. ಹೆಂಗಸರು ಅದನ್ನು ಎಷ್ಟು ತಾಳ್ಮೆಯಿಂದ, ಎಷ್ಟು ಭಕ್ತಿಯಿಂದ ಕೇಳುತ್ತಾ ನಿಂತಿರುತ್ತಿದ್ದರೆಂದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಲ್ಲಿಗೆ ಯಾರೂ ಓಂಕಾಳು ನುಂಗಿಸಲು ಬರುತ್ತಿರಲಿಲ್ಲ. ಸಾಲಿನಲ್ಲಿ ನಿಂತಾಗ ನನ್ನ ಹೊಟ್ಟೆ ಒಮ್ಮೊಮ್ಮೆ ಥೇಟ್ ಅದೇ ರಾಗದಲ್ಲಿ ಗೊರಗೊರ ಎನ್ನುತ್ತಿತ್ತು. ಹಿಂದಿನವರು ನೀರು ಬಂತೆಂದು ಬಿಂದಿಗೆ ಎತ್ತಿಕೊಂಡು ಮುಂದಕ್ಕೆ ನುಗ್ಗುತ್ತಿದ್ದರು. ನಾನೂ ನುಗ್ಗುತ್ತಿದ್ದೆ. ಇನ್ನೇನು ಮಾಡಲಿ?

ಹೀಗಿರುವಾಗ ಒಂದು ದಿನ ಎದುರುಮನೆಯ ನಂಜಮ್ಮ, 'ಸರೋಜಕ್ಕ, ನೀವು ಮೊದ್ಲು ಹಿಡ್ಕಂಡು ಹೋಗಿ' ಎಂದು ತನ್ನ ಬಿಂದಿಗೆ ಸರಿಸಿಬಿಟ್ಟಳು. ನಂಜಮ್ಮ ಹೆಬ್ಬೂರಿನವಳು. ನಲ್ಲಿಯ ಪಕ್ಕದಲ್ಲೇ ಎಮ್ಮೆ ಕಟ್ಟಿ ಬೀದಿಗೆಲ್ಲ ಹಾಲು ಹಾಕುತ್ತಿದ್ದಳು. ನೀರಿನ ವಿಷಯದಲ್ಲಿ ಅವಳು ತನ್ನ ಸ್ವಂತ ನಾದಿನಿಗೂ ಜಾಗ ಬಿಟ್ಟವಳಲ್ಲ. ಮಾರನೆಯ ದಿನ ಬೇರೆಯವರೂ ಸರಿದರು. ವಾರ ಕಳೆಯುವಷ್ಟರಲ್ಲಿ, ನಾನು ಬಿಂದಿಗೆ ಹಿಡಿದು ಗೇಟು ತೆರೆದರೆ ಸಾಕು, ಸಾಲು ಎರಡಾಗಿ ಸೀಳಿ ನಡುವೆ ದಾರಿ ಬಿಡುತ್ತಿತ್ತು. ಮೊದಲ ನೀರು ನನ್ನದೇ. ಒಬ್ಬಾಕೆ ಹುಣಸೆಕಾಯಿ ಬೇಕಾದರೆ ಹೇಳಿ, ನಮ್ಮ ಊರಿಂದ ತರಿಸುತ್ತೇನೆ ಎಂದಾಗ ನನಗೆ ವಿಷಯ ಹೊಳೆಯಿತು. ಇವರೆಲ್ಲ ನನ್ನನ್ನು ಬಸುರಿ ಎಂದುಕೊಂಡಿದ್ದಾರೆ.

ತಿಳಿದ ತಕ್ಷಣ ತಿದ್ದಿ ಹೇಳಬಹುದಿತ್ತು. ಹೇಳಬೇಕೆಂದು ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ನನ್ನ ಬಿಂದಿಗೆ ತುಂಬಿತ್ತು. ತುಂಬಿದ ಬಿಂದಿಗೆ ಕೈಯಲ್ಲಿದ್ದಾಗ ಸತ್ಯ ಹೇಳುವುದು ಎಷ್ಟು ಕಷ್ಟ ಎಂಬುದು ಬೀದಿ ನಲ್ಲಿಯಲ್ಲಿ ನೀರು ಹಿಡಿದವರಿಗೇ ಗೊತ್ತು.

ಜೊತೆಗೆ ನನ್ನದು ಕಾನ್ವೆಂಟಿನ ಬಾಯಿ. ನಮ್ಮ ಸಿಸ್ಟರುಗಳು ಕಲಿಸಿದಂತೆ ಮರ್ಯಾದಸ್ಥ ಹುಡುಗಿಗೆ ಹೊಟ್ಟೆಯೇ ಇರುವುದಿಲ್ಲ. ಎದೆಯ ಕೆಳಗೆ ಬೆಲ್ಟು, ಬೆಲ್ಟಿನ ಕೆಳಗೆ ನೇರವಾಗಿ ಮೊಣಕಾಲು. ಸೀನು ಬಂದರೆ ಕರ್ಚೀಫಿನೊಳಗೆ, ಆಕಳಿಕೆ ಬಂದರೆ ಅಂಗೈಯೊಳಗೆ, ತೇಗು ಬಂದರೆ ಬಂದಿಲ್ಲವೆಂದೇ ಲೆಕ್ಕ. ಒಮ್ಮೆ ಪ್ರಾರ್ಥನೆಯ ನಡುವೆ ನನ್ನ ಪಕ್ಕದವಳ ಹೊಟ್ಟೆ ಹಸಿವಿಗೆ ಕೂಗಿದ್ದಕ್ಕೆ ಸಿಸ್ಟರು ನಮ್ಮಿಬ್ಬರನ್ನೂ ಹೊರಗೆ ನಿಲ್ಲಿಸಿದ್ದರು. ಆ ಶಿಸ್ತಿನಲ್ಲಿ ಬೆಳೆದವಳು ಬೀದಿಯಲ್ಲಿ ನಿಂತು, ಇದು ಮಗುವಲ್ಲ ಕಣ್ರೀ, ಗಾಳಿ ಎಂದು ಹೇಗೆ ಸಾರಲಿ? ಅಷ್ಟಕ್ಕೂ ಆ ಗಾಳಿಯನ್ನು ನಾನು ಬಹಳ ನಾಜೂಕಾಗಿ ನಿಭಾಯಿಸುತ್ತಿದ್ದೆನೆಂದೇ ನನ್ನ ನಂಬಿಕೆ. ಮೇಲಕ್ಕೆ ಬಂದದ್ದಕ್ಕೆ ಸೆರಗಿನ ಚುಂಗು ಇತ್ತು. ಉಳಿದದ್ದಕ್ಕೆ ನಂಜಮ್ಮನ ಎಮ್ಮೆ ಇತ್ತು. ಸಮಯ ಬಂದಾಗ ಹುಬ್ಬು ಸ್ವಲ್ಪ ಗಂಟಿಕ್ಕಿ ಎಮ್ಮೆಯ ಕಡೆ ಒಂದು ನೋಟ ಹರಿಸಿದರೆ ಆಯಿತು. ಪ್ರಾಣಿ ತಾನೇ, ಅದಕ್ಕೇನು ತಿಳಿಯುತ್ತದೆ ಎಂಬ ಕ್ಷಮೆಯೂ ಆ ನೋಟದಲ್ಲಿರುತ್ತಿತ್ತು.

ಔಷಧಿ ಮಾಡಲಿಲ್ಲವೆಂದು ತಿಳಿಯಬೇಡಿ. ಕುಣಿಗಲ್ಲಿನಲ್ಲಿದ್ದ ನಮ್ಮತ್ತೆ ಓಂಕಾಳು, ಇಂಗು, ಒಣಶುಂಠಿಗಳನ್ನು ಪೊಟ್ಟಣ ಕಟ್ಟಿ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟು ಕಳಿಸುತ್ತಿದ್ದರು. ನಾನು ಸ್ಟ್ಯಾಂಡಿಗೆ ಹೋಗಿ ಇಸಿದುಕೊಂಡರೆ ಆ ಪುಣ್ಯಾತ್ಮ ಇಡೀ ಬಸ್ಸಿಗೆ ಕೇಳುವಂತೆ, ಗಾಳಿ ಹೊರಗೆ ಹೋಗ್ತಾ ಇದೆಯಾ ಅಂತ ನಿಮ್ಮತ್ತೆ ಕೇಳಿದ್ರು ಎನ್ನುತ್ತಿದ್ದ. ವೀಳ್ಯದೆಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಹೊಕ್ಕುಳ ಮೇಲಿಟ್ಟುಕೊಂಡೆ. ಊಟವಾದ ಮೇಲೆ ಎಡಮಗ್ಗುಲಾಗಿ ಮಲಗಿದೆ, ಬಲಮಗ್ಗುಲಾಗಿ ಮಲಗಿದೆ. ಕಾಫಿ ಬಿಟ್ಟೆ, ನನ್ನ ಸಿಡಿಮಿಡಿ ತಾಳಲಾರದೆ ಎರಡೇ ದಿನಕ್ಕೆ ನಮ್ಮವರೇ ನನಗೆ ಬಲವಂತವಾಗಿ ಕಾಫಿ ಕುಡಿಸಿದರು. ಅವರೆಕಾಯಿಯ ಮೇಲೆ ಹೊರಿಸೋಣವೆಂದರೆ ಈ ಉಬ್ಬರ ಶುರುವಾದದ್ದು ಆಷಾಢದಲ್ಲಿ, ಆಗ ಅವರೆ ಬಿತ್ತಿರುವುದೂ ಇಲ್ಲ. ಆಮೇಲೆ ಕಾಲ ಬಂದು ಪೇಟೆಯ ತುಂಬ ಅವರೆಯ ಸೊಗಡು ತುಂಬಿದಾಗಲೂ, ಹಾಲು ಬಿಡಿ, ಆಲೂಗಡ್ಡೆ ಬಿಡಿ, ಕಡಲೆಬೇಳೆ ಬಿಡಿ ಎಂದವರಲ್ಲಿ ಒಬ್ಬರಾದರೂ ಅವರೆಕಾಯಿ ಬಿಡಿ ಎನ್ನಲಿಲ್ಲ. ನಮ್ಮ ಕಡೆ ಅಂಥ ಮಾತನ್ನು ಯಾರೂ ಆಡುವುದಿಲ್ಲ. ನಮ್ಮ ಡಾಕ್ಟರು ಎಕ್ಸ್-ರೇ ತೆಗೆಸಿ, ಆ ಕಪ್ಪು ಹಾಳೆಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿ, 'ಏನೂ ಇಲ್ಲಮ್ಮ' ಎಂದರು. ಏನೂ ಇಲ್ಲದ್ದು ಇಷ್ಟು ದೊಡ್ಡದಿರುತ್ತದೆಯೇ ಎಂದು ಕೇಳಿದೆ. ಅವರು ನಕ್ಕು, ತಮ್ಮ ತೋಟದ್ದೆಂದು ಒಂದು ಚೀಲ ಅವರೆಕಾಯಿ ಕೊಟ್ಟು ಕಳಿಸಿದರು.

ನಮ್ಮವರು ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್. ಅವರಿಗೆ ಒತ್ತಡ, ವಾಲ್ವು, ಗ್ಯಾಸ್ಕೆಟ್ಟುಗಳ ಭಾಷೆ ಬಿಟ್ಟರೆ ಬೇರೆ ಬರುವುದಿಲ್ಲ. ಒಂದು ರಾತ್ರಿ ನನ್ನ ಹೊಟ್ಟೆಯ ಮೇಲೆ ಬೆರಳಿನಿಂದ ಟಕಟಕ ಎಂದು ತಟ್ಟಿ ಕಿವಿಗೊಟ್ಟು ಕೇಳಿ, 'ಬಾಡಿ ಗಟ್ಟಿಯಾಗಿದೆ, ಲೀಕು ಸಾಲದು ಅಷ್ಟೆ' ಎಂದು ಮಗ್ಗುಲು ತಿರುಗಿ ಮಲಗಿದರು.

ಇಲ್ಲಿಯವರೆಗೆ ಇದು ನಗುವ ಮಾತಾಗಿತ್ತು. ಆದರೆ ಸೀಮಂತಕ್ಕೆ ಎಂಟು ದಿನವಿದೆ ಎನ್ನುವಾಗ ಉಷಾ ತುಮಕೂರಿಗೆ ಬಂದವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಏಳು ತಿಂಗಳ ಬಸುರಿ ಅವಳು. ಸೆರಗು ಹೊದ್ದರೆ ಗೊತ್ತೇ ಆಗುತ್ತಿರಲಿಲ್ಲ. ಅವಳ ಅತ್ತೆ ಪಾರ್ವತಮ್ಮನ ಕಿವಿಗೆ ಸುದ್ದಿ ಮುಟ್ಟಿದೆಯಂತೆ. ಗುಬ್ಬಿಯ ಸಂತೆಗೆ ಹೋದ ಯಾರೋ ಹೇಳಿದ್ದಂತೆ. ಆಕೆ ನೇರವಾಗಿ ಬಯ್ಯಲಿಲ್ಲವಂತೆ, ಆದರೆ ಬೀಗರ ಮನೆಯಲ್ಲೇ ಒಬ್ಬ ಬಾಣಂತಿ ಇರುವಾಗ ಇನ್ನೊಬ್ಬಳನ್ನು ಅಲ್ಲಿಗೆ ಕಳಿಸಿದರೆ ಯಾರು ಯಾರಿಗೆ ನೀರು ಹಾಕುತ್ತಾರೆ, ಹೆರಿಗೆ ಇಲ್ಲೇ ಆಗಲಿ ಎಂದುಬಿಟ್ಟರಂತೆ.

'ಮೊದಲನೇ ಬಾಣಂತನ ಕಣಮ್ಮ' ಎಂದಳು ಉಷಾ. 'ನಾನು ಇಲ್ಲಿಗೇ ಬರಬೇಕು. ನೀನೇ ಅತ್ತೆ ಹತ್ರ ಬಾಯಿಬಿಟ್ಟು ಹೇಳಿಬಿಡು, ಗ್ಯಾಸು ಅಂತ.'

ನಾನು ಆ ಪದ ಹೇಳಲಾರೆ ಎಂದೆ. ಬೇರೆ ಏನಾದರೂ ಹೇಳು, ಆದರೆ ಹೇಳು ಎಂದು ಅವಳು ಕಣ್ಣು ತುಂಬಿಕೊಂಡಳು. ಅಟ್ಟದಿಂದ ಇಳಿಸಿ ತೊಳೆದಿಟ್ಟ ಅವಳದೇ ತೊಟ್ಟಿಲು ಪಕ್ಕದ ಕೋಣೆಯಲ್ಲಿತ್ತು. ಬಾಣಂತಿ ಕೋಣೆಗೆ ಸುಣ್ಣ ಬಳಿಸಿದ್ದೆ. ನನ್ನ ಮಗಳು ನನ್ನ ಮನೆಗೆ ಬರದಂತೆ ನನ್ನ ಹೊಟ್ಟೆಯೇ ಅಡ್ಡ ನಿಂತಿತ್ತು. ಮೊದಲ ಬಿಂದಿಗೆ ನೀರಿನ ಆಸೆಗೆ ಬಾಯಿ ಮುಚ್ಚಿಕೊಂಡಿದ್ದು ಅಂದು ಸ್ವಲ್ಪ ಚುಚ್ಚಿತು.

ಹಾಗಾಗಿ ಆ ಭಾನುವಾರ ಗುಬ್ಬಿಗೆ ಹೊರಟಾಗ, ಹಸಿರು ಸೀರೆ, ಹೂವು, ಹಣ್ಣು, ಚಿಗಳಿ, ತಂಬಿಟ್ಟುಗಳ ಜೊತೆಗೆ ನಾನು ಒಂದು ವಾಕ್ಯವನ್ನೂ ಕಟ್ಟಿಕೊಂಡು ಹೊರಟಿದ್ದೆ. 'ಬೀಗಿತ್ತಿಯವರೇ, ನನಗೆ ಬಹಳ ದಿನದಿಂದ ವಾಯುಪ್ರಕೋಪವಿದೆ.' ವಾಯುಪ್ರಕೋಪ ಎಂಬ ಪದ ನನಗೆ ಬಹಳ ಹಿಡಿಸಿತ್ತು. ಅದರಲ್ಲಿ ಹೊಟ್ಟೆಯೂ ಇಲ್ಲ, ಶಬ್ದವೂ ಇಲ್ಲ, ಎಲ್ಲೋ ಪುರಾಣದಲ್ಲಿ ನಡೆದದ್ದರ ಹಾಗಿದೆ. ಬಸ್ಸಿನಲ್ಲಿ ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ನಿಂತಿದ್ದೆ. ಕಂಡಕ್ಟರು ನನ್ನನ್ನು ನೋಡಿ, 'ಯಾರ್ರೀ ಅದು, ತುಂಬಿದ್ ಬಸುರಿ ನಿಂತವ್ರೆ, ಏಳ್ರಪ್ಪ' ಎಂದ. ಕೂತವರೆಲ್ಲ ಒಟ್ಟಿಗೆ ಎದ್ದರು. ನಮ್ಮವರು ಮಾತ್ರ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಈ ಹೆಂಗಸು ಯಾರೋ ಏನೋ ಎನ್ನುವಂತೆ ಕಿಟಕಿಯಾಚೆಯ ತೆಂಗಿನಮರಗಳನ್ನು ನೋಡತೊಡಗಿದರು.

ಗುಬ್ಬಿಯಲ್ಲಿ ಬೀಗರ ಮನೆಯ ತುಂಬ ಜನ. ಪಾರ್ವತಮ್ಮ ಬಾಗಿಲಿಗೆ ಬಂದು ಕಾಲಿಗೆ ನೀರು ಕೊಟ್ಟರು. ಕಣ್ಣು ಮಾತ್ರ ನನ್ನ ಸೊಂಟದ ಪಟ್ಟಿಯ ಮೇಲೇ ಇತ್ತು. ವಾಕ್ಯವನ್ನು ಶುರು ಮಾಡೋಣವೆನ್ನುವಷ್ಟರಲ್ಲಿ ಬೀಗರು, ಬಿಸಿಲಲ್ಲಿ ಬಂದಿದ್ದೀರಿ ಎಂದು ಗೋಲಿ ಸೋಡಾ ಒಡೆದು ಕೈಗೆ ಕೊಟ್ಟರು. ಬೀಗರು ಕೊಟ್ಟದ್ದನ್ನು ಬೇಡ ಎನ್ನಲಾಗುತ್ತದೆಯೇ? ಕುಡಿದೆ. ಕುಡಿದ ಮೇಲೆ ಒಳಗೆ ಏನೇನು ನಡೆಯಿತೆಂಬುದನ್ನು ಹಿರೇಹಳ್ಳಿಯ ಬಾಯ್ಲರುಗಳ ಬಳಿ ಕೆಲಸ ಮಾಡಿದವರು ಊಹಿಸಬಹುದು. ಎಲ್ಲವೂ ಗಂಟಲಿನವರೆಗೆ ಬಂದು ಕೂತಿತು. ನಾನು ತುಟಿ ಬಿಗಿಹಿಡಿದು, ಕಾನ್ವೆಂಟಿನ ಗ್ರೂಪ್ ಫೋಟೋದಲ್ಲಿ ನಗುವಂತೆ ಎಲ್ಲರ ಕಡೆ ನಗುತ್ತಾ ನಡುಮನೆಯ ಚಾಪೆಯ ಮೇಲೆ ಕೂತೆ.

ಎದುರಿಗೆ ಬಳೆಗಾರ ತನ್ನ ಬಳೆಗಳ ಮಲಾರದ ಗಂಟು ಬಿಚ್ಚುತ್ತಿದ್ದ. ಮನೆಗೆ ಬರುತ್ತಿದ್ದ ಹಳೆಯ ಬಳೆಗಾರನಿಗೆ ಹುಷಾರಿಲ್ಲವೆಂದು ಬಂದಿದ್ದ ಹೊಸಬ. ಉಷಾ ನಾವು ತಂದ ಸೀರೆ ಉಡಲು ಒಳಗೆ ಹೋಗಿದ್ದಳು. ಅವಳಿಗೆ ಯಾವ ಹಸಿರು ಒಪ್ಪುತ್ತದೆ ಎಂದು ನಾನು ಒಂದೊಂದೇ ಬಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಅಷ್ಟರಲ್ಲಿ ಪಾರ್ವತಮ್ಮ ಅಡುಗೆಮನೆಯಿಂದಲೇ, 'ಮೊದ್ಲು ಬಸುರಿಗೆ ತೊಡಿಸಪ್ಪ, ಆಮೇಲೆ ಮಿಕ್ಕೋರಿಗೆ' ಎಂದು ಕೂಗಿ ಹೇಳಿದರು. ಬಳೆಗಾರ ತಲೆಯೆತ್ತಿ ಒಂದು ಸುತ್ತು ನೋಡಿದ. ಅವನ ಕಣ್ಣು ಸರಿಯಾಗಿ ಬಂದು ನನ್ನಲ್ಲಿ ನಿಂತಿತು. 'ಕೈ ಕೊಡಿ ತಾಯಿ' ಎಂದು ನನ್ನ ಕೈ ಹಿಡಿದುಕೊಂಡ.

ನಾನಲ್ಲಪ್ಪ ಎನ್ನಬೇಕಿತ್ತು. ಆದರೆ ಬಾಯಿ ತೆರೆದರೆ ಬರುವುದು ಆ ಮಾತಲ್ಲ ಎಂಬುದು ನನಗೆ ಸ್ಪಷ್ಟವಾಗಿ ತಿಳಿದಿತ್ತು. ತಲೆ ಅಲ್ಲಾಡಿಸಿದೆ. ನಾಚಿಕೆ ಎಂದುಕೊಂಡ. ಕೈ ಎಳೆದುಕೊಂಡೆ. ನೋವು ಎಂದುಕೊಂಡು, ಸಡಿಲ ಬಿಡಿ ತಾಯಿ ಎಂದು ಬೆರಳ ಗಿಣ್ಣುಗಳನ್ನು ಒತ್ತಿ ಒಂದರ ಹಿಂದೊಂದು ಏರಿಸತೊಡಗಿದ. ಒಳ್ಳೆಯ ಕೈಚಳಕದವನು, ಒಂದೂ ಒಡೆಯಲಿಲ್ಲ. ಮಧ್ಯೆ ನನ್ನ ನರೆಗೂದಲು ಕಂಡು ದನಿ ಮೃದು ಮಾಡಿ, 'ಮೊದಲ್ನೇದಾ ತಾಯಿ? ಇರ್ಲಿ ಬಿಡಿ, ತಡವಾದ್ರೂ ದೇವರು ಕಣ್ ಬಿಟ್ಟವ್ನೆ' ಎಂದ. ಹಿಂದೆ ಯಾರೋ ಕಿಸಕ್ಕೆಂದರು. ಬೀಗರ ಕಡೆಯ ಪದ್ಧತಿಯಲ್ಲಿ ಎಲ್ಲ ಮುತ್ತೈದೆಯರಿಗೂ ಎರಡೂ ಕೈಗೆ ಸರಿಸಮವಾಗಿ ಬಳೆ; ಬಸುರಿಗೆ ಮಾತ್ರ ಎಡಗೈಗೆ ಒಂದು ಹೆಚ್ಚು, ಹುಟ್ಟುವ ಮಗುವಿನ ಪಾಲೆಂದು. ಆ ಹೆಚ್ಚಿನ ಒಂದು ಬಳೆಯನ್ನೂ ಅವನು ಏರಿಸಿ, ಕಣ್ಣಿಗೊತ್ತಿಕೊಂಡು, ಕೈ ಬಿಟ್ಟ. ಅದೇ ಹೊತ್ತಿಗೆ ಒಳಗಿನಿಂದ ಹೊಸ ಸೀರೆಯುಟ್ಟು ಉಷಾ ಬಂದಳು, ಅಡುಗೆಮನೆಯಿಂದ ಸೌಟು ಹಿಡಿದ ಪಾರ್ವತಮ್ಮ ಬಂದರು.

ಪಾರ್ವತಮ್ಮ ನನ್ನ ಎಡಗೈಯನ್ನು ನೋಡಿದರು. ಹೊಟ್ಟೆಯನ್ನು ನೋಡಿದರು. 'ಹಂಗಾದ್ರೆ ನಿಜ ಅನ್ನಿ' ಎಂದರು. 'ಒಂದು ಸೀಮಂತ ಅಂತ ಕರೆದೆ, ಎರಡಾಯ್ತು. ಸಂತೋಷ. ಬಾಣಂತನದ ಮಾತು ಇಲ್ಲಿಗೆ ಮುಗೀತು ಬಿಡಿ, ನಮ್ಮ ಹುಡುಗಿ ಇಲ್ಲೇ ಇರ್ತಾಳೆ.'

ಉಷಾಳ ಮುಖ ಸಣ್ಣದಾಯಿತು. ಅದನ್ನು ನೋಡಿ ನನಗೆ ಎಲ್ಲಿಲ್ಲದ ಧೈರ್ಯ ಬಂತು. ಎದ್ದು ನಿಂತೆ. ಬೀಗಿತ್ತಿಯವರೇ ಎಂದು ಶುರು ಮಾಡಲು ಬಾಯಿ ತೆರೆದೆ.

ಬೀಗಿತ್ತಿಯವರೇ ಎಂಬುದು ಬರಲಿಲ್ಲ. ವಾಯುಪ್ರಕೋಪವೆಂಬ ಪದವೂ ಬರಲಿಲ್ಲ. ಆ ಪದದ ಅರ್ಥ ಮಾತ್ರ ಪೂರ್ತಿಯಾಗಿ ಬಂತು. ಮೊದಲು ಸಣ್ಣಗೆ ಕೀಲು ಬಿಚ್ಚಿದ ಹಾಗೆ, ಆಮೇಲೆ ದಿಣ್ಣೆ ಹತ್ತುವ ಬಸ್ಸು ಗೇರು ಬದಲಿಸಿದ ಹಾಗೆ, ಕಡೆಗೆ ಆಷಾಢದಿಂದ ಸೇರಿಕೊಂಡದ್ದೆಲ್ಲ ಒಟ್ಟಿಗೆ ಗಂಟುಮೂಟೆ ಕಟ್ಟಿ ಹೊರಟ ಹಾಗೆ. ಮಲಾರದ ಬಳೆಗಳು ಸಣ್ಣಗೆ ಝಣಗುಟ್ಟಿದವೆಂದು ನಮ್ಮವರು ಇಂದಿಗೂ ಹೇಳುತ್ತಾರೆ. ಅವರು ಆಗ ಹೊರಗೆ ಜಗಲಿಯ ಮೇಲಿದ್ದರು, ಅಲ್ಲಿಂದಲೇ ಕೇಳಿಸಿತಂತೆ. ನಿಂತಲ್ಲೇ ನನ್ನ ಹೊಟ್ಟೆ ಇಳಿಯಿತು. ಬಿಗಿಯಾಗಿದ್ದ ನೆರಿಗೆ ಸಡಿಲಗೊಂಡು ಸರಸರನೆ ಜಾರತೊಡಗಿತು. ನಾನು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡು, ಬಳೆಗಳ ಸದ್ದಿನ ನಡುವೆ, ಅಭ್ಯಾಸಬಲದಿಂದ 'ಎಕ್ಸ್‌ಕ್ಯೂಸ್ ಮೀ' ಎಂದೆ.

ಮೊದಲು ಮಾತಾಡಿದವನು ಬಳೆಗಾರ. 'ಅಯ್ಯೋ ತಾಯಿ, ಒಂದ್ ಬಳೆ ಜಾಸ್ತಿ ಏರಿಸ್ಬುಟ್ನಲ್ಲ' ಎಂದು ನೊಂದುಕೊಂಡ.

ಪಾರ್ವತಮ್ಮ ಸೌಟು ಕೆಳಗಿಟ್ಟರು. ಗೋಡೆ ಹಿಡಿದುಕೊಂಡು ಕೂತರು. ಆಕೆ ನಕ್ಕದ್ದನ್ನು ಮದುವೆಯ ಮಂಟಪದಲ್ಲೂ ನಾನು ನೋಡಿರಲಿಲ್ಲ. ಅಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. 'ನಮ್ಮನೆಯೋರ್ದೇ ದೊಡ್ಡದು ಅನ್ಕೊಂಡಿದ್ದೆ ಕಣ್ರೀ ಇಷ್ಟ್ ದಿನ' ಎಂದು ಮೂಗು ಒರೆಸಿಕೊಂಡರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ತಮಗೂ ಎರಡು ವರ್ಷದಿಂದ ಇದೇ ಗೋಳೆಂದೂ, ಸೊಸೆಯ ಮುಂದೆ ಹೇಳಿಕೊಳ್ಳಲಾರದೆ ದಿನಾ ಸಂಜೆ ಹಿತ್ತಲಿಗೆ ಹೋಗಿ ಬರುತ್ತೇನೆಂದೂ ಗುಟ್ಟಾಗಿ ಹೇಳಿದರು. ಅದು ತನಗೆ ಗೊತ್ತೆಂದು ಉಷಾ ಆಗಲೇ ನನಗೆ ಹೇಳಿದ್ದಳು. ನಾನು ಬಾಯಿ ಬಿಡಲಿಲ್ಲ. ಊಟಕ್ಕೆ ಹಿತಕಿದ ಅವರೆಬೇಳೆ ಸಾರು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಎರಡು ಸಲ ಹಾಕಿಸಿಕೊಂಡೆವು. ಎಲೆ ಎತ್ತುವಾಗ ಪಾರ್ವತಮ್ಮ, ಒಂಬತ್ತಕ್ಕೆ ಬಿದ್ದ ಮೇಲೆ ಒಳ್ಳೆಯ ದಿನ ನೋಡಿ ಕರೆದುಕೊಂಡು ಹೋಗಿ ಎಂದರು. ಬಳೆಗಳನ್ನು ಬಿಚ್ಚಲು ಹೋದರೆ ತಡೆದರು. ಸೀಮಂತದಲ್ಲಿ ತೊಟ್ಟ ಬಳೆ ಕಳಚಬಾರದಂತೆ, ಯಾರಿಗೆ ತೊಡಿಸಿದರೂ ಸರಿಯೇ, ತಾನಾಗಿ ಒಡೆಯಬೇಕಂತೆ.

ಹೀಗೆ ನಾನು ಮಗಳ ಬಾಣಂತನವನ್ನು ಗೆದ್ದುಕೊಂಡು, ಎಡಗೈಯಲ್ಲಿ ಒಂದು ಬಳೆ ಹೆಚ್ಚಾಗಿ, ಸಂಜೆಗೆ ಮರಳೂರಿಗೆ ಬಂದೆ. ಬೀದಿಯ ತುದಿಯಿಂದ ನಲ್ಲಿ ಕಂಡಾಗ ಕಾಲು ನಿಧಾನವಾಯಿತು. ಈ ಕೈತುಂಬ ಹಸಿರು ಬಳೆ ನೋಡಿದರೆ ಬೀದಿಯವರಿಗೆ ಇನ್ನು ಸಂಶಯವೇ ಉಳಿಯುವುದಿಲ್ಲ. ಮಗಳು ಬಂದು, ಹೆರಿಗೆಯಾಗಿ, ನನ್ನದು ಮಾತ್ರ ಆಗದೇ ಉಳಿದರೆ ಏನೆಂದುಕೊಂಡಾರು? ಇವತ್ತು ಒಂದು ಸಲ ಮರ್ಯಾದೆ ಹೋಗಿಯೇ ಇದೆ, ಉಳಿದದ್ದೂ ಹೋಗಲಿ, ಮೊದಲ ಬಿಂದಿಗೆಯೂ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿದೆ. ನಂಜಮ್ಮ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಹತ್ತಿರ ಹೋಗಿ, ಬಳೆಯ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನೀವೆಲ್ಲ ತಿಳಿದಂತೆ ನಾನು ಬಸುರಿಯಲ್ಲವೆಂದೂ, ಇದು ಬರೀ ವಾಯುವೆಂದೂ, ಇಷ್ಟು ದಿನ ನನ್ನ ಸ್ಥಿತಿ ನೋಡಿ ಎಲ್ಲರೂ ಜಾಗ ಬಿಟ್ಟದ್ದು ಅವರ ದೊಡ್ಡತನವೆಂದೂ, ನಾಳೆಯಿಂದ ಸಾಲಿನಲ್ಲೇ ನಿಲ್ಲುತ್ತೇನೆಂದೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ.

ನಂಜಮ್ಮ ಹುಲ್ಲಿನ ಹೊರೆಯಿಂದ ತಲೆಯನ್ನೂ ಎತ್ತಲಿಲ್ಲ.

'ಬಸುರೀನಾ? ಯಾರಂದೋರು?' ಎಂದಳು. 'ನಮ್ ನಾದಿನಿ ಒಂಬತ್ ತುಂಬ್ದಾಗ್ಲೂ ಸಾಲಲ್ಲೇ ನಿಂತಿದ್ಲು, ಯಾರ್ ಬುಟ್ರು ಜಾಗ? ಸುಮ್ನೆ ನಾಳೇನೂ ಮೊದ್ಲು ಬಂದು ಹಿಡ್ಕಂಡು ಹೋಗ್ಬುಡಿ ಸರೋಜಕ್ಕ. ನೀವು ಅತ್ಲಾಗಿ ಹೋದ್ರೆ, ನಾವೂ ಒಸಿ ಉಸಿರಾಡ್ಕಂಡು ನಿಂತ್ಕಬೋದು, ಪಾಪ, ನಮ್ಮೆಮ್ಮೆ ಹೆಸರೂ ಉಳೀತದೆ.'